ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಂಗನವಾಡಿ ವ್ಯವಸ್ಥೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಂಗನವಾಡಿ ವ್ಯವಸ್ಥೆಯು ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡು ತಾಲ್ಲೂಕುಗಳಲ್ಲಿ ಆರು ವರ್ಷದೊಳಗಿನ ಮಕ್ಕಳ ಪೋಷಣೆ, ಪಾಲನೆ ಹಾಗೂ ಶಾಲಾಪೂರ್ವ ಶಿಕ್ಷಣವನ್ನು ನೋಡಿಕೊಳ್ಳುವ ಸರ್ಕಾರಿ ಸೇವಾ ವ್ಯವಸ್ಥೆಯಾಗಿದೆ. ಇದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯ ಭಾಗವಾಗಿದ್ದು, ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಜಾರಿಯಲ್ಲಿದೆ. ಪ್ರತಿ ಕೇಂದ್ರವನ್ನು ಸ್ಥಳೀಯ ಮಹಿಳೆಯಾದ ಅಂಗನವಾಡಿ ಕಾರ್ಯಕರ್ತೆ ನಡೆಸುತ್ತಾರೆ. ಪೂರ್ಣ ಪ್ರಮಾಣದ ಕೇಂದ್ರಗಳಲ್ಲಿ ಅವರಿಗೆ ಒಬ್ಬ ಸಹಾಯಕಿ ಇರುತ್ತಾರೆ. ಚದುರಿದ ಮನೆಗಳು, ದೀರ್ಘ ಮಳೆಗಾಲ ಮತ್ತು ತೋಟದ ದುಡಿಮೆಯನ್ನು ಅವಲಂಬಿಸಿದ ಕುಟುಂಬಗಳಿರುವ ಈ ಪ್ರದೇಶದಲ್ಲಿ ಮಕ್ಕಳಿಗೆ ದೊರೆಯುವ ಸೇವೆಯ ಗುಣಮಟ್ಟವು ಬಹುಮಟ್ಟಿಗೆ ಕಾರ್ಯಕರ್ತೆಯ ಸಮಯ, ತರಬೇತಿ ಮತ್ತು ಸೇವಾ ಭದ್ರತೆಯನ್ನು ಅವಲಂಬಿಸಿದೆ.

ಹೆಸರು ಮತ್ತು ಹಿನ್ನೆಲೆ

'ಅಂಗನವಾಡಿ' ಎಂಬ ಪದದಲ್ಲಿರುವ 'ಅಂಗನ' ಎಂದರೆ ಅಂಗಳ. ಮಕ್ಕಳನ್ನು ಶಾಲೆಗೆ ಕರೆತರುವ ಬದಲು ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ಯುವ ಪ್ರಯೋಗವನ್ನು ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಅವರ ಜೊತೆಗೂಡಿ ಇಂದಿನ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡ ಪ್ರದೇಶಗಳಲ್ಲಿ ನಡೆಸಿದ್ದರು. ಕರ್ನಾಟಕದಲ್ಲಿ ಇದಕ್ಕೂ ಮೊದಲಿನಿಂದ 'ಶಿಶುವಿಹಾರ' ಮತ್ತು 'ಬಾಲವಾಡಿ' ಎಂಬ ಹೆಸರುಗಳು ಬಳಕೆಯಲ್ಲಿದ್ದವು. ಮಲೆನಾಡಿನ ಹಳ್ಳಿಗಳಲ್ಲಿ ಇಂದಿಗೂ ಕೆಲವರು ಅಂಗನವಾಡಿಯನ್ನು ಬಾಲವಾಡಿ ಎಂದೂ ಕಾರ್ಯಕರ್ತೆಯನ್ನು 'ಟೀಚರ್' ಎಂದೂ ಕರೆಯುತ್ತಾರೆ.

ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲ ಯೋಜನೆಗೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಬಳಿಕ ಹಂತಹಂತವಾಗಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಯೋಜನೆ ವಿಸ್ತರಿಸಿತು. ಪಿಯುಸಿಎಲ್ ಸಂಘಟನೆ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಎಲ್ಲ ಜನವಸತಿಗಳಿಗೂ ಅಂಗನವಾಡಿ ಸೇವೆ ತಲುಪಬೇಕೆಂದು ಆದೇಶಿಸಿತು. 2006ರ ಡಿಸೆಂಬರ್ 13ರ ಆದೇಶದಲ್ಲಿ ದೇಶದಾದ್ಯಂತ 14 ಲಕ್ಷ ಕೇಂದ್ರಗಳನ್ನು ತೆರೆಯಲು ಸೂಚಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಂಗನವಾಡಿಯ ಪೂರಕ ಆಹಾರವನ್ನು ಕಾನೂನುಬದ್ಧ ಹಕ್ಕನ್ನಾಗಿ ಮಾಡಿತು.

ಭೌಗೋಳಿಕ ಸನ್ನಿವೇಶ

ಮೂರೂ ತಾಲ್ಲೂಕುಗಳು ಪಶ್ಚಿಮಘಟ್ಟದ ಮಡಿಲಲ್ಲಿವೆ. ಶೃಂಗೇರಿ ಪಟ್ಟಣ ತುಂಗಾ ನದಿಯ ದಡದಲ್ಲಿದೆ. ನರಸಿಂಹರಾಜಪುರ ತಾಲ್ಲೂಕಿನ ಒಂದು ಭಾಗವನ್ನು ಭದ್ರಾ ಜಲಾಶಯದ ಹಿನ್ನೀರು ಆವರಿಸಿದೆ. ಅಡಿಕೆ, ಕಾಫಿ, ಕಾಳುಮೆಣಸು ಮತ್ತು ಭತ್ತ ಇಲ್ಲಿನ ಮುಖ್ಯ ಬೆಳೆಗಳು. ವಿಧಾನಸಭೆಯ ಶೃಂಗೇರಿ ಕ್ಷೇತ್ರವು ಈ ಮೂರೂ ತಾಲ್ಲೂಕುಗಳನ್ನು ಒಳಗೊಂಡಿದೆ.

ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಸಮೂಹ. ಮಲೆನಾಡಿನಲ್ಲಿ ಒಂದು ಕಂದಾಯ ಗ್ರಾಮವೆಂದರೆ ತೋಟ, ಗದ್ದೆ, ಗುಡ್ಡಗಳ ನಡುವೆ ಹರಡಿಕೊಂಡ ಒಂಟಿಮನೆಗಳು, ಸಣ್ಣ ಕೇರಿಗಳು ಮತ್ತು ಎಸ್ಟೇಟಿನ ಲೈನ್‌ಮನೆಗಳು. 2011ರ ಜನಗಣತಿಯ ಪ್ರಕಾರ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ಪ್ರತಿ ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಜನರಿದ್ದರೆ ಈ ಜಿಲ್ಲೆಯಲ್ಲಿ 158 ಜನರಿದ್ದರು. 2001ರಿಂದ 2011ರ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಹೆಚ್ಚಿದ್ದರೂ ಜಿಲ್ಲೆಯ ಜನಸಂಖ್ಯೆ ಅಲ್ಪ ಪ್ರಮಾಣದಲ್ಲಿ ಕುಸಿದಿತ್ತು. ಕೇಂದ್ರಗಳನ್ನು ಜನಸಂಖ್ಯೆಯ ಆಧಾರದ ಮೇಲೆ ಮಂಜೂರು ಮಾಡುವ ವ್ಯವಸ್ಥೆಯಲ್ಲಿ ಈ ಅಂಶಗಳು ಮುಖ್ಯವಾಗುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಭಾರಿ ಮಳೆಯಾಗುತ್ತದೆ. ಹಳ್ಳ ದಾಟಲು ಮರದ ಕಾಲುಸಂಕಗಳನ್ನೇ ಅವಲಂಬಿಸಿದ ಮನೆಗಳ ಮಕ್ಕಳನ್ನು ಮಳೆಗಾಲದಲ್ಲಿ ಕೇಂದ್ರಕ್ಕೆ ಕಳುಹಿಸುವುದು ಅಪಾಯಕರ. ಮಳೆ ಜೋರಾದ ದಿನಗಳಲ್ಲಿ ಜಿಲ್ಲಾಡಳಿತವು ಶಾಲೆಗಳ ಜೊತೆಗೆ ಅಂಗನವಾಡಿಗಳಿಗೂ ರಜೆ ಘೋಷಿಸುವುದು ವಾಡಿಕೆ. ಮಲೆಕುಡಿಯ, ಹಸಲರು, ಗೌಡಲು ಮುಂತಾದ ಸಮುದಾಯಗಳ ಕೆಲವು ಹಾಡಿ ಹಾಗೂ ಕೇರಿಗಳು ಕಾಡಿನ ಅಂಚಿನಲ್ಲಿವೆ.

ಕೇಂದ್ರಗಳ ಮಂಜೂರಾತಿ

ಕೇಂದ್ರ ಸರ್ಕಾರದ ಮಾನದಂಡದಂತೆ ಸಾಮಾನ್ಯ ಪ್ರದೇಶದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ ಇರಬೇಕು. ಬುಡಕಟ್ಟು, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಗಳಲ್ಲಿ 300 ಜನಸಂಖ್ಯೆಗೇ ಪೂರ್ಣ ಕೇಂದ್ರವನ್ನೂ 150ರಿಂದ 300 ಜನರಿಗೆ ಮಿನಿ ಅಂಗನವಾಡಿಯನ್ನೂ ತೆರೆಯಬಹುದು. ಮಿನಿ ಕೇಂದ್ರದಲ್ಲಿ ಸಹಾಯಕಿಯ ಹುದ್ದೆ ಇರಲಿಲ್ಲ; ಅಡುಗೆ, ಸ್ವಚ್ಛತೆ, ಪಾಠ ಮತ್ತು ದಾಖಲೆಗಳೆಲ್ಲವೂ ಒಬ್ಬರದೇ ಹೊಣೆಯಾಗಿತ್ತು. ಆಕೆ ಮನೆಭೇಟಿಗೋ ಸಭೆಗೋ ಹೋದರೆ ಕೇಂದ್ರವನ್ನು ನೋಡಿಕೊಳ್ಳುವವರು ಇರುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಮಿನಿ ಕೇಂದ್ರಗಳನ್ನು ಪೂರ್ಣ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲು ಕೇಂದ್ರ ಸರ್ಕಾರ ಅವಕಾಶ ಕಲ್ಪಿಸಿದೆ.

ಜನಸಂಖ್ಯೆಯ ಮಾನದಂಡವು ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಯಲುಸೀಮೆಯಲ್ಲಿ 300 ಜನ ಒಂದೇ ಬೀದಿಯಲ್ಲಿ ವಾಸಿಸಬಹುದು. ಮಲೆನಾಡಿನಲ್ಲಿ ಅಷ್ಟೇ ಜನ ಹಲವು ಗುಡ್ಡಗಳಲ್ಲಿ ಹಂಚಿಹೋಗಿರಬಹುದು. ಮೂರು ವರ್ಷದ ಮಗು ಅಷ್ಟು ದೂರ ನಡೆಯಲಾರದು. ಹೀಗಾಗಿ ಹಾಜರಾತಿ ಕಡಿಮೆಯಾಗುತ್ತದೆ. ಕಡಿಮೆ ಹಾಜರಾತಿಯ ಕೇಂದ್ರಗಳನ್ನು ಒಗ್ಗೂಡಿಸಿದರೆ ದೂರ ಇನ್ನಷ್ಟು ಹೆಚ್ಚುತ್ತದೆ.

ಸೇವೆಗಳು

ಅಂಗನವಾಡಿಯ ಮೂಲಕ ಆರು ಸೇವೆಗಳನ್ನು ನೀಡಲಾಗುತ್ತದೆ: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಶಿಫಾರಸು, ಹಾಗೂ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ. ಕೊನೆಯ ನಾಲ್ಕರಲ್ಲಿ ಕಿರಿಯ ಆರೋಗ್ಯ ಸಹಾಯಕಿ ಮತ್ತು ಆಶಾ ಕಾರ್ಯಕರ್ತೆಯರ ಸಹಭಾಗಿತ್ವವಿರುತ್ತದೆ.

2013ರ ಕಾಯ್ದೆಯ ಮೂಲ ಮಾನದಂಡದಲ್ಲಿ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲರಿ ಶಕ್ತಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್ ಒದಗಿಸುವ ಪೂರಕ ಆಹಾರವನ್ನು ನಿಗದಿಪಡಿಸಲಾಗಿತ್ತು. ತೀವ್ರ ಅಪೌಷ್ಟಿಕತೆಯಿರುವ ಮಕ್ಕಳಿಗೆ ಇದು 800 ಕಿಲೋಕ್ಯಾಲರಿ ಆಗಿತ್ತು. ರಾಜ್ಯವು 2013ರ ಆಗಸ್ಟ್‌ನಲ್ಲಿ ಆರಂಭಿಸಿದ ಕ್ಷೀರಭಾಗ್ಯ ಯೋಜನೆಯಡಿ ಅಂಗನವಾಡಿ ಮಕ್ಕಳಿಗೆ ಹಾಲು ನೀಡಲಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ; ಶೇ 32.9ರಷ್ಟು ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿರಲಿಲ್ಲ.

2017ರ ಅಕ್ಟೋಬರ್ 2ರಂದು ಜಾರಿಗೆ ಬಂದ ಮಾತೃಪೂರ್ಣ ಯೋಜನೆಯು ಗರ್ಭಿಣಿ ಮತ್ತು ಬಾಣಂತಿಯರಿಗೆ ಮನೆಗೆ ಪಡಿತರ ಕೊಡುವ ಬದಲು ಕೇಂದ್ರದಲ್ಲೇ ಮಧ್ಯಾಹ್ನದ ಬಿಸಿಯೂಟ ನೀಡುವ ಪದ್ಧತಿಯನ್ನು ತಂದಿತು. ಆಹಾರವು ಮನೆಮಂದಿಗೆಲ್ಲ ಹಂಚಿಹೋಗದೆ ತಾಯಿಗೇ ಸಿಗಬೇಕೆಂಬುದು ಇದರ ಉದ್ದೇಶ. ಮಲೆನಾಡು ಪ್ರದೇಶದಲ್ಲಿ ತುಂಬು ಗರ್ಭಿಣಿಯರು ಹಾಗೂ ಹಸುಗೂಸು ಹೊತ್ತ ಬಾಣಂತಿಯರು ಒಂದು ಹೊತ್ತಿನ ಊಟಕ್ಕಾಗಿ ಗುಡ್ಡ ಹತ್ತಿಳಿದು ಬರುವುದು ಕಷ್ಟವೆಂಬ ಆಕ್ಷೇಪ ಆರಂಭದಿಂದಲೂ ಕೇಳಿಬಂದಿತು.

ಕಾರ್ಯಕರ್ತೆಯ ಆಯ್ಕೆ ಮತ್ತು ಕೆಲಸದ ಸ್ವರೂಪ

ಕಾರ್ಯಕರ್ತೆಯು ಕೇಂದ್ರದ ವ್ಯಾಪ್ತಿಯ ನಿವಾಸಿಯಾಗಿರಬೇಕೆಂಬುದು ಆಯ್ಕೆಯ ಮೂಲ ನಿಯಮ. ಹಿಂದೆ ಎಸ್ಸೆಸ್ಸೆಲ್ಸಿ ಕನಿಷ್ಠ ವಿದ್ಯಾರ್ಹತೆಯಾಗಿತ್ತು. ಈಚೆಗೆ ಅದನ್ನು ದ್ವಿತೀಯ ಪಿಯುಸಿಗೆ ಏರಿಸಲಾಗಿದೆ. ಕೇಂದ್ರಗಳ ಮೇಲುಸ್ತುವಾರಿಯನ್ನು ವೃತ್ತ ಮಟ್ಟದಲ್ಲಿ ಮೇಲ್ವಿಚಾರಕಿಯೂ ಯೋಜನಾ ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೂ ನೋಡಿಕೊಳ್ಳುತ್ತಾರೆ. ಸ್ಥಳೀಯವಾಗಿ ಪೋಷಕರು ಮತ್ತು ಜನಪ್ರತಿನಿಧಿಗಳನ್ನು ಒಳಗೊಂಡ ಬಾಲವಿಕಾಸ ಸಮಿತಿ ಇರುತ್ತದೆ.

ಕರ್ನಾಟಕದಲ್ಲಿ ಅಂಗನವಾಡಿಗಳು ಸಾಮಾನ್ಯವಾಗಿ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ ತೆರೆದಿರುತ್ತವೆ. ಈ ಅವಧಿಯಲ್ಲಿ ಕಾರ್ಯಕರ್ತೆಯು ಆಟ, ಹಾಡು, ಕಥೆ ಮತ್ತು ಮಾತುಕತೆಯ ಮೂಲಕ ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸಬೇಕು. ಇದಕ್ಕಾಗಿ ರಾಜ್ಯದಲ್ಲಿ 'ಚಿಲಿಪಿಲಿ' ಎಂಬ ಚಟುವಟಿಕೆ ಪುಸ್ತಕವನ್ನು ಬಳಸಲಾಗಿದೆ. ಇದರ ಜೊತೆಗೆ ಮಕ್ಕಳ ತೂಕ ಹಾಗೂ ಎತ್ತರ ಅಳೆಯುವುದು, ಬೆಳವಣಿಗೆ ನಕ್ಷೆ ತುಂಬುವುದು, ಆಹಾರ ಸಾಮಗ್ರಿಯ ಲೆಕ್ಕ ಇಡುವುದು, ಗರ್ಭಿಣಿಯರ ಮನೆಗೆ ಭೇಟಿ ನೀಡುವುದು ಅವರ ಕೆಲಸ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳ ಸಂಘಟನೆಯೂ ಇವರ ಪಾಲಿಗೆ ಬಂದಿತು. ಮತದಾರರ ಪಟ್ಟಿ ಪರಿಷ್ಕರಣೆ, ವಿವಿಧ ಸಮೀಕ್ಷೆಗಳು ಮತ್ತು ಕೋವಿಡ್ ಕಾಲದ ಮನೆಮನೆ ಸಮೀಕ್ಷೆಗಳಿಗೂ ಅವರನ್ನು ನಿಯೋಜಿಸಲಾಗಿದೆ.

2021ರಿಂದ ದಾಖಲೆಗಳನ್ನು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಬೇಕಾಗಿದೆ. 2025ರ ಜುಲೈನಿಂದ ಮನೆಗೆ ಒಯ್ಯುವ ಪಡಿತರ ವಿತರಣೆಗೆ ಫಲಾನುಭವಿಯ ಮುಖ ಗುರುತಿಸುವಿಕೆಯನ್ನು ಕಡ್ಡಾಯಗೊಳಿಸಲಾಯಿತು. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಮಲೆನಾಡಿನ ಕಣಿವೆಗಳಲ್ಲಿ ಈ ಕೆಲಸಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ. ಅಷ್ಟರಮಟ್ಟಿಗೆ ಮಕ್ಕಳೊಂದಿಗೆ ಕಳೆಯುವ ಸಮಯ ಕಡಿಮೆಯಾಗುತ್ತದೆ.

ಗೌರವಧನ ಮತ್ತು ಕಾನೂನು ಸ್ಥಾನಮಾನ

ಯೋಜನೆಯ ಆರಂಭದಿಂದಲೂ ಕಾರ್ಯಕರ್ತೆಯನ್ನು 'ಗೌರವ ಸೇವಕಿ' ಎಂದು ಪರಿಗಣಿಸಲಾಗಿದ್ದು, ಅವರಿಗೆ ಸಿಗುವ ಮೊತ್ತವನ್ನು ವೇತನವೆನ್ನದೆ ಗೌರವಧನ ಎನ್ನಲಾಗುತ್ತದೆ. 1975ರಲ್ಲಿ ಮೆಟ್ರಿಕ್ ಮುಗಿಸಿದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಉಳಿದವರಿಗೆ 100 ರೂಪಾಯಿ ನಿಗದಿಯಾಗಿತ್ತು. ಕೇಂದ್ರವು ನಿಗದಿಪಡಿಸುವ ಮೊತ್ತ 2011ರ ಏಪ್ರಿಲ್‌ನಿಂದ 3,000 ರೂಪಾಯಿಗೂ 2018ರ ಅಕ್ಟೋಬರ್‌ನಿಂದ 4,500 ರೂಪಾಯಿಗೂ ಏರಿತು. ಸಹಾಯಕಿಯರಿಗೆ 2018ರಲ್ಲಿ ಇದು 2,250 ರೂಪಾಯಿ ಆಯಿತು. ಇದರ ಮೇಲೆ ರಾಜ್ಯ ಸರ್ಕಾರ ಹೆಚ್ಚುವರಿ ಮೊತ್ತ ನೀಡುತ್ತದೆ. ಕರ್ನಾಟಕದ 2025-26ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000 ಮತ್ತು ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಳ ಘೋಷಿಸಲಾಯಿತು.

ಕಾರ್ಯಕರ್ತೆಯರ ಕಾನೂನು ಸ್ಥಾನಮಾನವನ್ನು ಎರಡು ತೀರ್ಪುಗಳು ಬಹುಮಟ್ಟಿಗೆ ರೂಪಿಸಿವೆ. ಮೊದಲನೆಯದು ಕರ್ನಾಟಕದಿಂದಲೇ ಹೋದ 'ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ' ಮೊಕದ್ದಮೆ. ಇದರಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 7ರಂದು, ಅಂಗನವಾಡಿ ಕಾರ್ಯಕರ್ತೆಯರು ನಾಗರಿಕ ಸೇವಾ ಹುದ್ದೆಯನ್ನು ಹೊಂದಿದವರಲ್ಲ, ಆದ್ದರಿಂದ ಆಡಳಿತ ನ್ಯಾಯಮಂಡಳಿಯ ಮೊರೆ ಹೋಗಲಾಗದು ಎಂದು ತೀರ್ಪಿತ್ತಿತು. ಎರಡನೆಯದು ಗುಜರಾತಿನ ಮಣಿಬೆನ್ ಮಗನ್‌ಭಾಯ್ ಭಾರಿಯಾ ಮೊಕದ್ದಮೆ. 2022ರ ಏಪ್ರಿಲ್ 25ರ ಈ ತೀರ್ಪಿನಲ್ಲಿ 1972ರ ಉಪಧನ ಪಾವತಿ ಕಾಯ್ದೆಯು ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದು ನ್ಯಾಯಾಲಯ ಹೇಳಿತು. ಗ್ರಾಚ್ಯುಟಿ ಎಂದೇ ಹೆಚ್ಚು ಪರಿಚಿತವಾಗಿರುವ ಈ ಉಪಧನವನ್ನು ತೀರ್ಪಿಗೆ ಮೊದಲು ನಿವೃತ್ತರಾದವರಿಗೂ ನೀಡಬೇಕೆಂಬುದು ಸಂಘಟನೆಗಳ ಬೇಡಿಕೆ.

2013ರಲ್ಲಿ ನಡೆದ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಮತ್ತು ಸಾಮಾಜಿಕ ಭದ್ರತೆ ನೀಡಬೇಕೆಂದು ಶಿಫಾರಸು ಮಾಡಿತ್ತು.

ಸಂಘಟನೆ ಮತ್ತು ಹೋರಾಟ

ಅಂಗನವಾಡಿ ನೌಕರರ ಸಂಘಗಳು ರಾಜ್ಯದಲ್ಲಿ ಸಿಐಟಿಯು, ಎಐಟಿಯುಸಿ ಮೊದಲಾದ ಕೇಂದ್ರ ಕಾರ್ಮಿಕ ಸಂಘಟನೆಗಳೊಂದಿಗೆ ಸಂಯೋಜನೆಗೊಂಡಿವೆ. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಬಳಿ ಹಗಲಿರುಳು ರಸ್ತೆಯಲ್ಲೇ ಕುಳಿತು ನಡೆಸಿದ ಧರಣಿಯು ರಾಜ್ಯದ ಗಮನ ಸೆಳೆಯಿತು. ಗೌರವಧನ ಹೆಚ್ಚಳದ ಭರವಸೆಯೊಂದಿಗೆ ಅದು ಮುಕ್ತಾಯಗೊಂಡಿತು. 2023ರ ಜನವರಿಯಲ್ಲೂ ಅದೇ ಸ್ಥಳದಲ್ಲಿ ಧರಣಿ ನಡೆಯಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿ ತೆರೆದರೆ ಅಂಗನವಾಡಿಗಳು ಖಾಲಿಯಾಗುತ್ತವೆ ಎಂಬ ಆತಂಕದಿಂದ 2024ರ ಜೂನ್‌ನಲ್ಲಿ ಪ್ರತಿಭಟನೆ ನಡೆಯಿತು. ಅದೇ ವರ್ಷ ಸರ್ಕಾರವು ಆಯ್ದ ಅಂಗನವಾಡಿಗಳಲ್ಲಿ 'ಸರ್ಕಾರಿ ಮಾಂಟೆಸರಿ' ಹೆಸರಿನ ತರಗತಿಗಳನ್ನು ಆರಂಭಿಸಿತು. ಮಕ್ಕಳ ಸಂಖ್ಯೆ ಮೊದಲೇ ಕಡಿಮೆಯಿರುವ ಮಲೆನಾಡಿನ ಕೇಂದ್ರಗಳಿಗೆ ಇದು ಉಳಿವಿನ ಪ್ರಶ್ನೆ: ನಾಲ್ಕೈದು ಮಕ್ಕಳು ಶಾಲೆಯ ಎಲ್‌ಕೆಜಿಗೆ ಹೋದರೂ ಕೇಂದ್ರದ ಹಾಜರಾತಿ ಗಣನೀಯವಾಗಿ ಇಳಿಯುತ್ತದೆ.

ತರಬೇತಿ

ಮೂಲ ವ್ಯವಸ್ಥೆಯಲ್ಲಿ ಕಾರ್ಯಕರ್ತೆಗೆ ನೇಮಕದ ಬಳಿಕ ವೃತ್ತಿ ತರಬೇತಿ ಮತ್ತು ನಿಗದಿತ ಅವಧಿಗೊಮ್ಮೆ ಪುನಶ್ಚೇತನ ತರಬೇತಿಯನ್ನು ನೀಡಲಾಗುತ್ತಿತ್ತು. 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ ಹಾಗೂ ಅದನ್ನು ಅನುಸರಿಸಿ ಬಂದ ಗುಣಮಟ್ಟದ ಮಾನದಂಡಗಳು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಮತ್ತು ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ವಯಸ್ಕರು ಇರಬೇಕೆಂದೂ 30 ಮಕ್ಕಳ ಗುಂಪಿಗೆ ಕನಿಷ್ಠ 35 ಚದರ ಮೀಟರ್ ಕೊಠಡಿ ಬೇಕೆಂದೂ ಹೇಳಿದವು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದ ಅವಧಿಯನ್ನು ಬುನಾದಿ ಹಂತವೆಂದು ಗುರುತಿಸಿತು. ಪಿಯುಸಿ ಅಥವಾ ಹೆಚ್ಚಿನ ವಿದ್ಯಾರ್ಹತೆಯ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ ಕೋರ್ಸ್, ಉಳಿದವರಿಗೆ ಒಂದು ವರ್ಷದ ಡಿಪ್ಲೊಮಾ ನೀಡಬೇಕೆಂದು ಸೂಚಿಸಿತು. 2023ರ ಮೇ 10ರಂದು ಆರಂಭವಾದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮವು ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣಕ್ಕೆ ಮೀಸಲಿಡಬೇಕೆಂದು ಹೇಳಿ, ಕಾರ್ಯಕರ್ತೆಯರಿಗೆ ಮೂರು ದಿನಗಳ ತರಬೇತಿಯನ್ನು ರೂಪಿಸಿತು. 2024ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ 'ನವಚೇತನಾ' ಮತ್ತು ಮೂರರಿಂದ ಆರು ವರ್ಷದವರಿಗಾಗಿ 'ಆಧಾರಶಿಲಾ' ಎಂಬ ಮಾರ್ಗದರ್ಶಿ ಚೌಕಟ್ಟುಗಳು ಪ್ರಕಟವಾದವು.

ತೋಟದ ಕೆಲಸ ಮತ್ತು ಮೂರು ವರ್ಷದೊಳಗಿನ ಮಕ್ಕಳು

ಅಂಗನವಾಡಿಯಲ್ಲಿ ದಿನವಿಡೀ ಇರುವವರು ಹೆಚ್ಚಾಗಿ ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರ ಸಾಮಗ್ರಿಯನ್ನು ಮನೆಗೆ ಕೊಡಲಾಗುತ್ತದೆ. ಹಗಲಿನ ಪಾಲನೆ ಮನೆಯವರದೇ ಹೊಣೆ. ಅಡಿಕೆ ಕೊಯ್ಲು ಮತ್ತು ಸುಲಿತದ ಕಾಲದಲ್ಲಿ, ಹಾಗೆಯೇ ನವೆಂಬರ್‌ನಿಂದ ಫೆಬ್ರುವರಿ ಆಸುಪಾಸಿನ ಕಾಫಿ ಕೊಯ್ಲಿನ ಕಾಲದಲ್ಲಿ ಈ ತಾಲ್ಲೂಕುಗಳ ಮಹಿಳೆಯರಿಗೆ ಬಿಡುವಿರುವುದಿಲ್ಲ. ತೋಟದ ಕೆಲಸವು ಸಾಮಾನ್ಯವಾಗಿ ಅಂಗನವಾಡಿ ತೆರೆಯುವ ಮೊದಲೇ ಆರಂಭವಾಗುತ್ತದೆ. ಲೈನ್‌ಮನೆಗಳಲ್ಲಿ ವಾಸಿಸುವ ವಲಸೆ ಕಾರ್ಮಿಕ ಕುಟುಂಬಗಳಲ್ಲಿ ಮಗುವನ್ನು ನೋಡಿಕೊಳ್ಳಲು ಅಜ್ಜಿ, ಅತ್ತೆಯರೂ ಇರುವುದಿಲ್ಲ. ಹೊರರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳು ಕನ್ನಡ ತಿಳಿಯದೆಯೇ ಕೇಂದ್ರಕ್ಕೆ ಬರುವುದರಿಂದ ಕಾರ್ಯಕರ್ತೆಗೆ ಭಾಷೆಯ ಸವಾಲೂ ಎದುರಾಗುತ್ತದೆ.

1951ರ ತೋಟ ಕಾರ್ಮಿಕರ ಕಾಯ್ದೆಯ 12ನೆಯ ಸೆಕ್ಷನ್, 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ಅಥವಾ ಅವರ ಮಕ್ಕಳ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚಿರುವ ತೋಟಗಳಲ್ಲಿ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಿತ್ತು. ಈ ಕಾಯ್ದೆಯ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸೇರಿಸಲಾಗಿದೆ. ಆದರೆ ಮಲೆನಾಡಿನ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವಾಗಿದ್ದು, ಕೆಲವೇ ಕಾರ್ಮಿಕರನ್ನು ಹೊಂದಿರುವುದರಿಂದ ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.

ರಾಜ್ಯ ಸರ್ಕಾರವು 2023-24ರ ಬಜೆಟ್‌ನಲ್ಲಿ ಉದ್ಯೋಗ ಖಾತರಿ ಕಾರ್ಮಿಕರ ಚಿಕ್ಕ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು. ಕೇಂದ್ರದ 'ಪಾಲನಾ' ಯೋಜನೆಯು ಅಂಗನವಾಡಿಗಳಲ್ಲೇ ಶಿಶುಪಾಲನಾ ಸೌಲಭ್ಯ ಸೇರಿಸುವ ಅಂಗನವಾಡಿ-ಸಹ-ಕ್ರೆಶ್ ಮಾದರಿಯನ್ನು ತಂದಿದೆ. ಇಂತಹ ಕೇಂದ್ರಗಳಿಗೆ ಪ್ರತ್ಯೇಕ ಆರೈಕೆದಾರರು ಬೇಕು. ಈಗಿರುವ ಕಾರ್ಯಕರ್ತೆಗೇ ಈ ಕೆಲಸವನ್ನೂ ವಹಿಸಿದರೆ ಶಾಲಾಪೂರ್ವ ಶಿಕ್ಷಣಕ್ಕೆ ಸಮಯ ಉಳಿಯುವುದಿಲ್ಲ.

ಗುಣಮಟ್ಟ ಸುಧಾರಣೆಯ ಮಾರ್ಗಗಳು

ಕಾರ್ಯಕರ್ತೆಯ ಸಮಯಕ್ಕೂ ಮಕ್ಕಳ ಬೆಳವಣಿಗೆಗೂ ಇರುವ ಸಂಬಂಧವನ್ನು ತಮಿಳುನಾಡಿನ 640 ಅಂಗನವಾಡಿಗಳಲ್ಲಿ ನಡೆದ ಅಧ್ಯಯನವೊಂದು ಪರಿಶೀಲಿಸಿದೆ. ಅಲೆಹಾಂಡ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ ನಡೆಸಿದ ಈ ಪ್ರಯೋಗದಲ್ಲಿ ಆಯ್ದ ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರೆಕಾಲಿಕ ಕಾರ್ಯಕರ್ತೆಯೊಬ್ಬರನ್ನು ನೇಮಿಸಲಾಯಿತು. ಪಾಠದ ಸಮಯ ದುಪ್ಪಟ್ಟಾಯಿತು. ಮಕ್ಕಳ ಗಣಿತ ಮತ್ತು ಭಾಷಾ ಕಲಿಕೆ ಸುಧಾರಿಸಿತು. ಹಳೆಯ ಕಾರ್ಯಕರ್ತೆಗೆ ಆರೋಗ್ಯ ಮತ್ತು ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ದೊರೆತು, ಕುಂಠಿತ ಬೆಳವಣಿಗೆಯ ಪ್ರಮಾಣವೂ ಇಳಿಯಿತು.

ಈ ಫಲಿತಾಂಶವು ಮಲೆನಾಡಿನ ಮಟ್ಟಿಗೆ ವಿಶೇಷ ಅರ್ಥ ಪಡೆಯುತ್ತದೆ. ಇಲ್ಲಿ ಮನೆಭೇಟಿಗೆ ಹೆಚ್ಚು ನಡೆಯಬೇಕು, ಸಾಮಗ್ರಿ ತರಲು ಹೆಚ್ಚು ಸಮಯ ಬೇಕು. ಮಕ್ಕಳು ಕಡಿಮೆಯಿದ್ದರೂ ಕೆಲಸ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಇಂತಹ ಪ್ರದೇಶಗಳಿಗೆ ಜನಸಂಖ್ಯೆಯ ಜೊತೆಗೆ ದೂರವನ್ನೂ ಪರಿಗಣಿಸುವ ಮಾನದಂಡ, ಪ್ರತಿ ಕೇಂದ್ರಕ್ಕೂ ಸಹಾಯಕಿ, ಇಲಾಖೇತರ ಕೆಲಸಗಳಿಂದ ವಿನಾಯಿತಿ, ಸಿಗ್ನಲ್ ಇಲ್ಲದ ಕಡೆ ದಾಖಲಾತಿಗೆ ಪರ್ಯಾಯ ವ್ಯವಸ್ಥೆ, ವೇತನ ಸಹಿತ ದೀರ್ಘಾವಧಿ ತರಬೇತಿ ಮತ್ತು ನಿವೃತ್ತಿಯ ನಂತರದ ಭದ್ರತೆ ಮುಖ್ಯ ಸುಧಾರಣಾ ಮಾರ್ಗಗಳಾಗಿವೆ. ಸ್ಥಳೀಯ ನಿವಾಸಿಯೇ ಕಾರ್ಯಕರ್ತೆಯಾಗಿರಬೇಕೆಂಬ ನಿಯಮದಿಂದಾಗಿ ಚಿಕ್ಕ ಊರುಗಳಲ್ಲಿ ಒಬ್ಬರು ಕೆಲಸ ಬಿಟ್ಟರೆ ಅರ್ಹ ಅಭ್ಯರ್ಥಿ ದೊರೆಯುವುದು ಸುಲಭವಲ್ಲ. ಆದ್ದರಿಂದ ಅನುಭವಿ ಕಾರ್ಯಕರ್ತೆಯರನ್ನು ಸೇವೆಯಲ್ಲಿ ಉಳಿಸಿಕೊಳ್ಳುವುದು ಈ ಮೂರು ತಾಲ್ಲೂಕುಗಳಲ್ಲಿ ಕೇಂದ್ರಗಳನ್ನು ಉಳಿಸಿಕೊಳ್ಳುವ ಮಾರ್ಗವೂ ಆಗಿದೆ.